ಎಂಟನೆಯವನು

ಬೊಳ್ಳಮ್ಮಕ್ಕನಿಗೆ ಅರವತ್ತು ತುಂಬಿದ ತಿಂಗಳು
ಹೆಡ್‌ಮಾಷ್ಟ್ರು ಒಂದು ಶಾಲು, ಒಂದು ಕವರು ಕೊಟ್ಟು
ಭಾಷಣ ಮಾಡಿದರು. ಕವರಿನಲ್ಲಿ ಎರಡೂವರೆ ಸಾವಿರ.
ಬಿಸಿಯೂಟದವರಿಗೆ ಪಿಂಚಣಿ ಗಿಂಚಣಿ ಇಲ್ಲವಲ್ಲ,
ಬ್ಯಾಂಕಿಗೆ ಹಾಕಿಡು ಅಂದೆ ನಾನು.
"ಅಲ್ಲಿ ಕೂತು ಹಳಸುತ್ತದೆ ಅಷ್ಟೆ.
ಮಡಿಕೇರಿಗೆ ಹೋಗುವ. ನಾಟಕ ನೋಡಿ,
ಬೇರೆ ಯಾರೋ ಬೇಯಿಸಿದ್ದನ್ನು
ಕೂತು ಉಣ್ಣುವ."

ಹಾಗೆ ನಾವು ಮೂವರು, ಅಮ್ಮತ್ತಿ ಕಡೆಯ
ಒಂದು ಶಾಲೆಯ ಅಡುಗೆಮನೆ ಪೂರ್ತಿ,
ಬೀಗ ಹಾಕಿ ಬಸ್ಸು ಹತ್ತಿದೆವು.
ಚೆಟ್ಟಳ್ಳಿಯ ತಿರುವುಗಳಲ್ಲಿ ಸುಹರಾಳಿಗೆ ಹೊಟ್ಟೆ ತೊಳಸಿ
ನಿಂಬೆ ಮಿಠಾಯಿಗಾಗಿ ಮೂರು ಚೀಲ ತಡಕಿದ್ದಾಯಿತು.
ಬೊಳ್ಳಮ್ಮಕ್ಕ ಕಿಟಕಿಗೆ ಮುಖ ಕೊಟ್ಟು ಎಣಿಸುತ್ತಿದ್ದಳು:
ಹೊಸ ಹೋಂಸ್ಟೇ ಹನ್ನೊಂದು.
ಶಾಲೆ ಎರಡು, ಒಂದರ ಅಂಗಳದಲ್ಲಿ ಹುಲ್ಲು.

ನಾಟಕದಲ್ಲಿ ಮದುವೆ ಊಟ.
ಎಲೆ ಇಲ್ಲ, ಅನ್ನ ಇಲ್ಲ, ಪಾತ್ರೆ ಇಲ್ಲ;
ಎಂಟು ಜನ ಸಾಲಾಗಿ ಕೂತು
ಗಾಳಿಯನ್ನು ಕಲಸಿ, ಗಾಳಿಯನ್ನು ತುತ್ತು ಮಾಡಿ
ಬೆರಳು ನೆಕ್ಕಿದರು. ಜನ ನಕ್ಕರು.
ಬೊಳ್ಳಮ್ಮಕ್ಕ ನಗಲಿಲ್ಲ.
"ಆ ಕೊನೆಯ ಹುಡುಗನಿಗೆ ಯಾರೂ ಬಡಿಸಲೇ ಇಲ್ಲ."
ನಾನು ಕಣ್ಣುಜ್ಜಿ ನೋಡಿದೆ.
ನಿಜ. ಇಲ್ಲದ ಸೌಟು ಏಳನೆಯವನಲ್ಲೇ ನಿಂತು
ಹಿಂದಕ್ಕೆ ಹೋಗಿತ್ತು.
ಎಂಟನೆಯವನು ಸುಮ್ಮನೆ ಉಣ್ಣುತ್ತಿದ್ದ.

ಆಮೇಲೆ ಹೋಟೆಲು. ಅಂಟಂಟು ಮೆನು.
ಹಂದಿಯ ಸೌಟು ಕೋಳಿಯ ಸೌಟು ಬೇರೆ ಬೇರೆಯಾ,
ಸುಹರಾ ಕೇಳಿದಳು. ಮಾಣಿ ತಲೆ ಕೆರೆದ.
"ಹಾಗಾದರೆ ಬೇಯಿಸಿದ ಮೊಟ್ಟೆ ನಾಲ್ಕು,
ಸಿಪ್ಪೆ ನಾನೇ ಸುಲಿಯುತ್ತೇನೆ."
ನನಗೆ ಗೋಬಿ ಮಂಚೂರಿ.
ಬೊಳ್ಳಮ್ಮಕ್ಕ ಕಡಂಬುಟ್ಟು ಪಂದಿಕರಿ ಎಂದು,
ರೇಟಿನ ಮೇಲೆ ಹೆಬ್ಬೆರಳಿಟ್ಟು
ಅದನ್ನು ಮುಚ್ಚಿಕೊಂಡಳು.

ತಟ್ಟೆ ಬಂದಾಗ ಬಡಿಸಲು ಎದ್ದಳು. ಕೂತ್ಕೊ ಅಂದೆ.
ನೀರಿನ ಜಗ್ಗಿಗೆ ಕೈ ಹಾಕಿದಳು. ಮಾಣಿ ಕಸಿದುಕೊಂಡ.
ಇಪ್ಪತ್ತೆರಡು ವರ್ಷ ನಿಲ್ಲದ ಎರಡು ಕೈ
ಮಡಿಲಲ್ಲಿ ಕೂತವು, ಬೇರೆಯವರ ಮಕ್ಕಳ ಹಾಗೆ.

ಮೊದಲ ತುತ್ತು. ದವಡೆ ನಿಂತಿತು.
"ನಿಂಬೆಹುಳಿ ಹಿಂಡಿದ್ದಾನೆ," ಅಂದಳು, ಯಾರೋ ತೀರಿಕೊಂಡ ದನಿಯಲ್ಲಿ.
ಕೈ ತೊಳೆಯುವ ನೆಪ ಮಾಡಿ ನೇರ ಒಳಗೆ ಹೋದಳು.
ನಾನು ಹಿಂದೆ ಓಡಿದೆ, ಜಗಳ ಬಿಡಿಸಲು.

ಒಲೆಯ ಮುಂದೆ ಬಿತುಪನ್, ಅಸ್ಸಾಮಿನವನು,
ಬಂದು ನಾಲ್ಕು ತಿಂಗಳು. ಅವನ ಕನ್ನಡ:
ಬೇಗ, ಸಾಕು, ಪಾರ್ಸಲ್.
ಅವಳ ಹಿಂದಿ: ಪಾನಿ.
ಗೂಡಿನಲ್ಲಿ ಕಾಚಂಪುಳಿ ಇತ್ತು, ಸೀಲೊಡೆಯದೆ,
ಪ್ರವಾಸಿಗಳಿಗೆ ಮಾರಲು ಲೇಬಲ್ಲು ಹಚ್ಚಿ.
ಅವಳು ಬಾಟಲಿ ತೋರಿಸಿದಳು, ಕಡಾಯಿ ತೋರಿಸಿದಳು,
ತೋರುಬೆರಳಿನಲ್ಲಿ ಒಂದು ಗೆಣ್ಣು ಅಳೆದು: ಇಷ್ಟು.
ಇಳಿಸುವ ಮೊದಲು, ಕೊನೆಗೆ. ಗಾಳಿಯಲ್ಲಿ ಸುರಿದಳು,
ಗಾಳಿಯಲ್ಲಿ ತಿರುವಿದಳು.
ಅವನು ಕೇಳದೆ ಸೀಲು ಒಡೆದ. ಕಪ್ಪು ಹನಿಯೊಂದನ್ನು
ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿ
"ಥೆಕೆರಾ!" ಅಂದ.
ಅವನ ಊರಿನ ಯಾವುದೋ ಹುಳಿಹಣ್ಣಿರಬೇಕು.
ಅದನ್ನೂ ಹಂದಿಗೇ ಹಾಕುವುದಾ? ಕೇಳಲು ಮಾತಿಲ್ಲ;
ಮೂಗು ಮೇಲಕ್ಕೊತ್ತಿ ಬೊಳ್ಳಮ್ಮಕ್ಕ ಗುಟುರು ಹಾಕಿದಳು.
ಅವನೂ ತಲೆಯಾಡಿಸಿ ಗುಟುರು ಹಾಕಿದ.
ಗಲ್ಲಾದಿಂದ ಸಾಹುಕಾರನೂ ಹಾಕಿದ, ಬೇರೆ ತರ.

ಬಿಲ್ಲಿಗೆ ಬಾಟಲಿಯ ದುಡ್ಡೂ ಸೇರಿತು.
ಅವಳು ಕವರು ಬಿಚ್ಚಿ ಕೊಟ್ಟಳು. ಬಾಟಲಿ ಬಿಟ್ಟು ಬಂದಳು.

ಕೊನೆಯ ಬಸ್ಸು. ದಾರಿಯಲ್ಲಿ ಎಲ್ಲೋ ಆನೆ;
ಡ್ರೈವರು ದೀಪ ಆರಿಸಿ ಕೂತ.
ಎಲ್ಲರೂ ಉಸಿರು ಹಿಡಿದಾಗ ಅವಳೊಬ್ಬಳೇ ಮೆಲ್ಲಗೆ:
"ಆ ಎಂಟನೆಯವನು,
ದಿನಾ ಆಟದಲ್ಲೂ ಹಾಗೇನಾ ಉಣ್ಣುವುದು?"

ಕತ್ತಲಲ್ಲಿ ಸುಹರಾ
ಉಳಿದ ಮೊಟ್ಟೆಯ ಸಿಪ್ಪೆ ಸುಲಿಯುವ ಸದ್ದು.